ಹನ್ನೆರಡನೆಯ ಕಲ್ಲು

ವಿರಾಜಪೇಟೆಯ ಸಬ್ ರಿಜಿಸ್ಟ್ರಾರ್ ಕಚೇರಿಯೆದುರು
ಮೆಟ್ಟಿಲ ಪಕ್ಕ ನನ್ನದೊಂದು ಮೇಜು.
ಮೂರು ಕಾಲು ನೆಟ್ಟಗಿವೆ, ನಾಲ್ಕನೆಯದರಡಿ
ಮಡಚಿಟ್ಟ ಹಳೆಯ ಛಾಪಾ ಕಾಗದ.
ಇಪ್ಪತ್ತೊಂಬತ್ತು ವರ್ಷದಿಂದ ಇಲ್ಲಿ
ಹೆಸರು ಬಡಿಯುತ್ತಿದ್ದೇನೆ:
ತಪ್ಪು ಬಿದ್ದ ಹೆಸರು, ಒಂದಕ್ಷರ ಕಳೆದ ಹೆಸರು,
ಮದುವೆಯಾಗಿ ಮನೆ ಬದಲಿಸಿದ ಹೆಸರು.

ಬುಧವಾರ ಹನ್ನೊಂದಕ್ಕೆ ಬಂದರು.
ಮದುವೆಯಾಗಿ ಒಂಬತ್ತು ದಿನ, ಹುಡುಗಿಯ ಗೋರಂಟಿ
ಬೆರಳ ತುದಿಯಿಂದ ಬಿಡಲು ಶುರುವಾಗಿತ್ತು.
ಅವನು ಪಾಲೆಕಂಡಿರ ಬಿದ್ದಪ್ಪ.
ಅವಳು, "ಬರ್ಕೊಳ್ಳಿ" ಎಂದಳು,
"ನೆಲ್ಲಿಕೊಡಂಡ ಚೋಂದಮ್ಮ."
ತಡೆದಳು.
"ಅಥವಾ... ಅದನ್ನೇ ಕೇಳೋಕೆ ಬಂದಿದ್ದು."

ಕೊಡಗಿನಲ್ಲಿ ಮನೆ ಮುಂದೆ ನಡೆಯುತ್ತದೆ, ಹೆಸರು ಹಿಂದೆ,
ಗದ್ದೆಯ ಬದುವಿನ ಮೇಲೆ ಅಜ್ಜನ ಹಿಂದೆ
ಮೊಮ್ಮಗಳು ಹೆಜ್ಜೆಯಿಟ್ಟ ಹಾಗೆ.
ಅರ್ಜಿ ಅಚ್ಚು ಹಾಕಿಸಿದವರಿಗೆ ಅದು ತಿಳಿಯದು,
ಮನೆಯನ್ನು ಕೊನೆಯ ಚೌಕಗಳಿಗೆ ತಳ್ಳುತ್ತಾರೆ.

"ಬದಲಾಯಿಸದಿದ್ದರೆ ಕಾನೂನು ಏನನ್ನುತ್ತೆ?"
ಏನೂ ಅನ್ನುವುದಿಲ್ಲ, ಮಗಾ.
ಅನ್ನುವವರು ಬ್ಯಾಂಕಿನವರು, ಅತ್ತೆಯ ತಂಗಿ,
ಗ್ಯಾಸ್ ಏಜೆನ್ಸಿಯ ಹುಡುಗ.
ಇದ್ದ ಹಾಗೇ ಇಟ್ಟುಕೋ, ಖರ್ಚಿಲ್ಲ.
ಅವನದು ಹಾಕಿಕೋ, ಮದುವೆಯ ಸರ್ಟಿಫಿಕೇಟು ಸಾಕು
ಹೆಚ್ಚಿನ ಕಡೆ.
ಎರಡನ್ನೂ ಹೊರುತ್ತೀಯಾ, ಹೊರು ಎಂದು
ಇಂಗ್ಲಿಷ್ ಅಕ್ಷರಗಳನ್ನು ಪೆನ್ಸಿಲಿನಲ್ಲಿ ತುಂಬುತ್ತ ಹೋದೆ.
ಚೌಕ ಮೂವತ್ತೇ. ಅವಳ ಒಕ್ಕ ಹಿಡಿಯಿತು, ಅವನದೂ ಹಿಡಿಯಿತು,
ಚೋಂದ್ ಎಂಬಲ್ಲಿಗೆ ಜಾಗ ಮುಗಿದು
ಅಮ್ಮ ಹೊರಗೆ ಉಳಿದಳು.

ಬಿದ್ದಪ್ಪ ನಕ್ಕ. "ನಾನೇ ಅವಳದು ಹಾಕಿಕೊಂಡರೆ?"
ತಮಾಷೆಗೆ ಕೇಳಿದ್ದು. ಅರ್ಧ ತಮಾಷೆಗೆ.
ಹಾಕಿಕೊಳ್ಳಬಹುದು ಎಂದೆ. ಅಫಿಡವಿಟ್ಟು, ನೋಟರಿ,
ಎರಡು ಪತ್ರಿಕೆಯಲ್ಲಿ ಜಾಹೀರಾತು, ಆಮೇಲೆ ಗೆಜೆಟ್ಟು.
ಗಂಡಸಿಗೆ ದಾರಿ ಉದ್ದ, ಮುಚ್ಚಿಲ್ಲ.
ಇಷ್ಟು ವರ್ಷದಲ್ಲಿ ಯಾರಿಗೂ ಬಡಿದುಕೊಟ್ಟಿಲ್ಲ
ಎಂಬುದನ್ನು ಹೇಳಲಿಲ್ಲ.

ಬೆಂಚಿನ ಮೇಲಿದ್ದ ಮುದುಕರು ಕೆಮ್ಮಿದರು.
ಹುಡುಗಿಯ ಕಡೆಯ ಅರುವ, ಸಾಕ್ಷಿಯ ಸಹಿಗೆ ಬಂದವರು.
"ಮಕ್ಕ ಪರಿಜೆ ಅಂತ ಒಂದಿತ್ತು ನಮ್ಮಲ್ಲಿ,
ಗಂಡು ಸಂತಾನ ಇಲ್ಲದ ಮನೆಗೆ.
ಹುಟ್ಟಿದ ಮಕ್ಕಳು ತಾಯಿಯ ಒಕ್ಕಕ್ಕೆ.
ಗೆಜೆಟ್ಟು ಯಾರು ಓದಿದ್ದರು?
ನೆಲ್ಲಕ್ಕಿಯ ದೀಪದೆದುರು ಹೇಳಿದರೆ ಮುಗಿಯಿತು."

ಜೇಬಿನಿಂದ ಕರವಸ್ತ್ರ ತೆಗೆದು ಗಂಟು ಬಿಚ್ಚಿದರು:
ಒಂದು ಕಲ್ಲು, ನೆಲ್ಲಿಕಾಯಿಯಷ್ಟು.
ಸಂಬಂಧ ಕೊಡುವಾಗ ಹನ್ನೊಂದನ್ನು ಎಣಿಸಿ
ಗಂಡಿನ ಅರುವನ ಕೈಗೆ ಹಾಕಿದ್ದರಂತೆ.
ಇದು ಕೊಡದೆ ಉಳಿಸಿಕೊಂಡದ್ದು,
ಯಾವತ್ತಾದರೂ ಅವಳು ತಿರುಗಿ ಬಂದರೆ
ಇದು ಅವಳ ಮನೆಯೇ ಎನ್ನುವುದಕ್ಕೆ.
"ಇದಕ್ಕೆ ನಿಮ್ಮ ಫಾರಂನಲ್ಲಿ ಯಾವ ಕಾಲಂ?"

ಹುಡುಕಿದೆ,
ಸುಮ್ಮನೆ, ಮರ್ಯಾದೆಗೆ.

ನಾನು ಕೆ. ಲೋಲಾಕ್ಷಿ.
ಕೆ ಅಂದರೆ ಕುಶಾಲಪ್ಪ, ನನ್ನಪ್ಪ.
ಮದುವೆಯಾದ ಮೇಲೆ ಕೆ ಅಂದರೆ ಕೂಸಪ್ಪ.
ಅಕ್ಷರ ಕದಲಲಿಲ್ಲವಾಗಿ ಯಾರೂ ಕೇಳಲಿಲ್ಲ,
ಯಾವ ಕಚೇರಿಗೂ ನಾನು ಹೋಗಲಿಲ್ಲ.
ಇಬ್ಬರೂ ಹೋದರು. ಚುಕ್ಕಿಯ ಹಿಂದೆ ಕೂತ ಆ ಕೆ
ಈಗ ಯಾರದೆಂದು ಒಮ್ಮೊಮ್ಮೆ
ಊಟದ ಡಬ್ಬಿಯ ಮೇಲೆ ಬರೆದಿರುವುದನ್ನು ನೋಡುತ್ತ
ಯೋಚಿಸುತ್ತೇನೆ.

ಚೋಂದಮ್ಮ ರಬ್ಬರ್ ಕೇಳಿದಳು.
ಪೆನ್ಸಿಲ್ ಗುರುತನ್ನೆಲ್ಲ ತಾನೇ ಉಜ್ಜಿದಳು.
"ನೆಲ್ಲಿಕೊಡಂಡ. ಸದ್ಯಕ್ಕೆ.
ಮಗುವಾದಾಗ ಮತ್ತೆ ಜಗಳ ಆಡಿದರಾಯಿತು."
ಬಿದ್ದಪ್ಪ ಅವನಮ್ಮನಿಗೆ ಫೋನ್ ಮಾಡಲು
ಜೀಪಿನ ಆಚೆಗೆ ಹೋದ, ಬಹಳ ಹೊತ್ತು ಬರಲಿಲ್ಲ.

ಗಾಳಿ ಎದ್ದಿತು. ಅರ್ಜಿ ಹಾರದಂತೆ
ಅರುವರು ಅದರ ಮೇಲೆ ಕಲ್ಲಿಟ್ಟರು.
ಎರಡು ಪ್ರತಿಗೆ ಅರವತ್ತು ರೂಪಾಯಿ ಎಂದೆ,
ಹೆಸರು ಎಷ್ಟೇ ಉದ್ದವಿರಲಿ.
ಚಿಲ್ಲರೆ ಇರಲಿ ಇಟ್ಟುಕೊಳ್ಳಿ ಎಂದರು.
ಕಲ್ಲನ್ನು ಮಾತ್ರ
ನೆನಪಿನಿಂದ ಎತ್ತಿಕೊಂಡರು.